ಆರು ಗಾಲಿಯ ಕಾರು, ಅಚ್ಚಿನ ಗೆರೆ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಫೆಟ್ಲಿಂಗ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಎರಕ ತಣ್ಣಗಾಗಿ ಮರಳು ಉದುರಿದ ಮೇಲೆ ಲೋಹ ಹರಿದು ಬಂದ ಕಾಲುವೆಯಲ್ಲೇ ಗಟ್ಟಿಯಾದ ಕಡ್ಡಿಯನ್ನು, ಅಂದರೆ ರನ್ನರನ್ನು, ಮುರಿದು, ಅದು ಭಾಗಕ್ಕೆ ಕೂಡಿಕೊಂಡಿರುವ ಕುತ್ತಿಗೆಯನ್ನು, ಅಂದರೆ ಗೇಟನ್ನು, ಕತ್ತರಿಸಿ, ಅಚ್ಚಿನ ಎರಡು ಅರ್ಧಗಳು ಕೂಡಿದ ಜಾಗದಲ್ಲಿ ಉಳಿಯುವ ಗೆರೆಯನ್ನು ಉಜ್ಜಿ ತೆಗೆಯುವುದು ನಮ್ಮ ಕೆಲಸ. ಆದ್ದರಿಂದ ಬಿಡಿಭಾಗ ಜೋಡಿಸಿ ಮಾದರಿ ಕಟ್ಟುವ, ಟಮಿಯಾ ಕಂಪನಿಯ 1/20 ಅಳತೆಯ ಟಿರೆಲ್ ಪಿ34 ರೇಸ್ ಕಾರಿನ ಕಿಟ್ಟಿನ ಪೆಟ್ಟಿಗೆ ತೆರೆದ ಕೂಡಲೇ ಗುರುತಿನವರ ಮನೆಗೆ ಬಂದಂತಾಯಿತು. ಅದೇ ರನ್ನರ್, ಅದೇ ಗೇಟ್, ಅದೇ ಗೆರೆ. ಕಬ್ಬಿಣದ ಜಾಗದಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್, ಅಷ್ಟೇ ವ್ಯತ್ಯಾಸ.

ಈ ಕಾರನ್ನೇ ಆರಿಸಿದ್ದಕ್ಕೆ ಅದರ ಆರು ಗಾಲಿಗಳೇ ಕಾರಣ. ಹಿಂದೆ ಎರಡು ದೊಡ್ಡವು, ಮುಂದೆ ನಾಲ್ಕು ಪುಟ್ಟವು. ಡೆರೆಕ್ ಗಾರ್ಡನರ್ ಎಂಬ ವಿನ್ಯಾಸಕಾರ, ಮುಂದಿನ ಗಾಲಿಗಳನ್ನು ಚಿಕ್ಕದು ಮಾಡಿ ಅಗಲವಾದ ಮೂತಿಯ ಹಿಂದೆ ಅಡಗಿಸಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ, ಚಿಕ್ಕ ಗಾಲಿಯಿಂದ ಕಳೆದ ಹಿಡಿತವನ್ನು ಗಾಲಿಗಳ ಸಂಖ್ಯೆಯಿಂದ ತುಂಬಿಕೊಳ್ಳಬಹುದು ಎಂದು ಲೆಕ್ಕ ಹಾಕಿದ. 1976ರ ಜೂನ್‌ನಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಜೋಡಿ ಶೆಕ್ಟರ್ ಇದನ್ನು ಓಡಿಸಿ ಗೆದ್ದ, ಜೊತೆಗಾರ ಪ್ಯಾಟ್ರಿಕ್ ಡೆಪೈಯೆ ಎರಡನೆಯವನಾಗಿ ಬಂದ. ಫಾರ್ಮುಲಾ ಒನ್‌ನಲ್ಲಿ ಆರು ಗಾಲಿಯ ಕಾರು ಗೆದ್ದದ್ದು ಅದೊಂದೇ ಬಾರಿ. 1983ರಿಂದ ನಾಲ್ಕು ಗಾಲಿಗಿಂತ ಹೆಚ್ಚು ಇರಕೂಡದು ಎಂಬ ನಿಯಮವೇ ಬಂದುಬಿಟ್ಟಿತು. ಮೂಲ ಕಾರಿನ ಮುಂದಿನ ರಿಮ್ಮಿನ ವ್ಯಾಸ 10 ಇಂಚು, ನನ್ನ ಮೇಜಿನ ಮೇಲೆ ಅದು ಹದಿಮೂರು ಮಿಲಿಮೀಟರ್‌ಗೂ ಕಡಿಮೆ. ಅಂಗಿಯ ಗುಂಡಿಯಷ್ಟು.

ಗೇಟ್ ಕತ್ತರಿಸುವುದನ್ನು ಒಂದೇ ಏಟಿಗೆ ಮುಗಿಸಬಾರದು. ಮೊದಲು ಭಾಗದಿಂದ ಎರಡು ಮಿಲಿಮೀಟರ್ ದೂರದಲ್ಲಿ ನಿಪ್ಪರ್‌ನಿಂದ ಕತ್ತರಿಸುತ್ತೇನೆ, ಉಳಿದ ಮೊಳಕೆಯನ್ನು ಚೂಪಾದ ಬ್ಲೇಡಿನಿಂದ ಸವರುತ್ತೇನೆ. ಅವಸರದಲ್ಲಿ ಬುಡಕ್ಕೇ ಕತ್ತರಿಸಿದರೆ ಪ್ಲಾಸ್ಟಿಕ್ ಎಳೆದುಕೊಂಡು ಬಿಳಿ ಕಲೆ ಬೀಳುತ್ತದೆ, ಕೆಲವೊಮ್ಮೆ ಗುಂಡಿಯೂ ಬೀಳುತ್ತದೆ.

ಗೆರೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ಮಾದರಿಯ ಮರ್ಯಾದೆ ನಿಂತಿರುವುದೇ ಅದರ ಮೇಲೆ. ಸಸ್ಪೆನ್ಷನ್ನಿನ ಕಡ್ಡಿಗಳು ಬೆಂಕಿಕಡ್ಡಿಗಿಂತ ತೆಳು. ಮೂಲ ಕಾರಿನಲ್ಲಿ ಅವು ಉಕ್ಕಿನ ದುಂಡು ಕೊಳವೆಗಳು. ಅಚ್ಚಿನಿಂದ ಬಂದಾಗ ಎರಡೂ ಬದಿಗೆ ಕೂದಲೆಳೆಯಷ್ಟು ಗೆರೆ ಇರುತ್ತದೆ, ಅದನ್ನು ಹಾಗೇ ಬಿಟ್ಟು ಬಣ್ಣ ಹೊಡೆದರೆ ಕಡ್ಡಿ ಯಾವ ಜನ್ಮಕ್ಕೂ ಉಕ್ಕಿನಂತೆ ಕಾಣುವುದಿಲ್ಲ. ಬ್ಲೇಡಿನ ಬೆನ್ನನ್ನು ನೇರವಾಗಿ ಹಿಡಿದು ಕೆರೆಯಬೇಕು, ಆಮೇಲೆ 600ರ ವಾಟರ್ ಪೇಪರಿನ ಸಣ್ಣ ಪಟ್ಟಿಯನ್ನು ಕಡ್ಡಿಗೆ ಸುತ್ತಿ ಅತ್ತಿತ್ತ ಎಳೆಯಬೇಕು. ನಮ್ಮ ಫೌಂಡ್ರಿಯಲ್ಲಿ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ತೆಗೆಯುವ ಮಾದರಿ, ಮಾಡುತ್ತಿದ್ದು ಈಗ ನಿವೃತ್ತರಾಗಿರುವ ಕಾಕಾ ಒಬ್ಬರು ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಒಂದು ಸಂಜೆ ಚಹಾ ಕುಡಿಯಲು ಬಂದವರು, ನಾನು ಮುಗಿಯಿತೆಂದು ತೆಗೆದಿಟ್ಟಿದ್ದ ಕಡ್ಡಿಯನ್ನು ಎತ್ತಿ ಹೆಬ್ಬೆರಳಿನ ಉಗುರಾಡಿಸಿದರು.

“ಇನ್ನೂ ಇದೆಯಲ್ಲೋ ತಮ್ಮಾ.”

“ಕಣ್ಣಿಗೆ ಕಾಣುವುದಿಲ್ಲವಲ್ಲ ಕಾಕಾ.”

“ಬಣ್ಣ ಹೊಡೆದ ಮೇಲೆ ಕಾಣುತ್ತದೆ. ಆಗ ಏನು ಮಾಡುತ್ತೀ?”

ಹನ್ನೆರಡು ಕಡ್ಡಿಗಳನ್ನೂ ಮತ್ತೆ ಮೊದಲಿನಿಂದ ಕೆರೆದೆ. ಆ ಸಂಜೆಯಿಂದ ಉಗುರಿಗೆ ತಡೆಯುವ ಯಾವ ಭಾಗಕ್ಕೂ ನಾನು ಪ್ರೈಮರ್ ಹಾಕುವುದಿಲ್ಲ.

ಅಂಟಿಸಲು ನೀರಿನಷ್ಟು ತೆಳುವಾದ ಮಾಡೆಲ್ ಸಿಮೆಂಟ್ ಬಳಸಿದೆ. ಎರಡು ಭಾಗಗಳನ್ನು ಒತ್ತಿ ಹಿಡಿದು ಬ್ರಷ್ಷಿನ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಅದು ತಾನೇ ಒಳಗೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ. ಹೆಸರು ಅಂಟು, ಕೆಲಸ ವೆಲ್ಡಿಂಗಿನದು. ಒತ್ತಿದಾಗ ಸಂದಿಯಿಂದ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಏರಿ ಉಕ್ಕಬೇಕು, ಎರಡು ದಿನ ಬಿಟ್ಟು ಅದನ್ನು ಉಜ್ಜಿದರೆ ಪುಟ್ಟಿಯೇ ಬೇಕಾಗುವುದಿಲ್ಲ.

ಎಂಜಿನ್ನಿಗೆ ಪೂರಾ ಒಂದು ತಿಂಗಳು ಕೊಟ್ಟೆ. ಅದು ಕಾಸ್ವರ್ತ್ ಡಿಎಫ್‌ವಿ, ಮೂರು ಲೀಟರಿನ ವಿ8. 1967ರಲ್ಲಿ ಮೊದಲ ಬಾರಿ ಓಡಿದ ರೇಸನ್ನೇ ಗೆದ್ದ ಎಂಜಿನ್. ಇದರ ಬ್ಲಾಕ್ ಬರೀ ಎಂಜಿನ್ ಅಲ್ಲ, ಕಾರಿನ ಬೆನ್ನುಮೂಳೆ ಕೂಡ. ಮುಂದೆ ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದರೆ ಹಿಂದಿನ ಸಸ್ಪೆನ್ಷನ್ನಿನ ಭಾರವನ್ನೆಲ್ಲ ಅದೇ ಹೊರುತ್ತದೆ. ಎರಕದವನಾದ ನನಗೆ ಆ ಅಲ್ಯೂಮಿನಿಯಂ ಬ್ಲಾಕಿನ ಮೇಲೆ ವಿಶೇಷ ಪ್ರೀತಿ. ಎರಕ ಹೊಯ್ದ ಲೋಹ ಕನ್ನಡಿಯಂತೆ ಹೊಳೆಯುವುದಿಲ್ಲ. ಆದ್ದರಿಂದ ಬೆಳ್ಳಿ ಬಣ್ಣಕ್ಕೆ ಸ್ವಲ್ಪ ಬೂದು ಬೆರೆಸಿ ಮಂಕು ಮಾಡಿದೆ, ಮೇಲೆ ಕಪ್ಪು ಮಿಶ್ರಿತ ತೆಳು ಬಣ್ಣವನ್ನು ಹರಿಯಬಿಟ್ಟು ಉಬ್ಬಿದ ಭಾಗಗಳನ್ನು ಬಟ್ಟೆಯಿಂದ ಒರೆಸಿದೆ. ಪಕ್ಕೆಗಳ ಸಂದಿಯಲ್ಲಿ ಕಪ್ಪು ನಿಂತಿತು. ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿ, “ಈಗ ಶಾಟ್ ಬ್ಲಾಸ್ಟ್ ಮುಗಿಸಿಕೊಂಡು ಬಂದಂತಿದೆ” ಎಂದರು. ಎರಕದ ಮೇಲೆ ಲೋಹದ ಸಣ್ಣ ಗುಂಡುಗಳನ್ನು ಎರಚಿ ಶುಚಿ ಮಾಡುವುದೇ ಶಾಟ್ ಬ್ಲಾಸ್ಟ್.

ಕಿಟ್ಟಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ವೈರುಗಳಿರಲಿಲ್ಲ. ಅಚ್ಚಿನಲ್ಲಿ ಅಷ್ಟು ತೆಳುವಾದ, ಬಳುಕುವ ವಸ್ತುವನ್ನು ತೆಗೆಯುವುದು ಕಷ್ಟ, ಅದು ಕಟ್ಟುವವನ ಪಾಲಿನ ಕೆಲಸ. ಮೂಲ ವೈರು 7 ಮಿ.ಮೀ. ದಪ್ಪವಿದ್ದರೆ ಇಲ್ಲಿ 0.35 ಬೇಕು. ಓಣಿಯ ತುದಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಬೋರ್‌ವೆಲ್ ಪಂಪುಗಳ ಹಳೆಯ ತಾಮ್ರದ ತಂತಿ ರಾಶಿ ಬಿದ್ದಿರುತ್ತದೆ. ಅಲ್ಲಿ 28 ಗೇಜಿನದು, ಅಂದರೆ 0.376 ಮಿ.ಮೀ.ನದು, ಒಂದು ಗೇಣು ಸಿಕ್ಕಿತು. ಪಿನ್ ವೈಸಿಗೆ 0.4ರ ಡ್ರಿಲ್ ಹಾಕಿ ಬೆರಳಲ್ಲೇ ತಿರುಗಿಸಿ ಎಂಟು ತೂತು ಕೊರೆದೆ. ತಾಮ್ರಕ್ಕೆ ಒಂದು ಗುಣವಿದೆ, ಬಗ್ಗಿಸಿದಲ್ಲಿ ನಿಲ್ಲುತ್ತದೆ. ಹಳೆಯ ಫೋಟೋ ಮುಂದಿಟ್ಟುಕೊಂಡು ಒಂದೊಂದೇ ವೈರನ್ನು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಿಂದ ಅದರದರ ಪ್ಲಗ್ಗಿಗೆ ಬಾಗಿಸಿದೆ.

ಬಣ್ಣ ಹೊಡೆಯುವಾಗ ನಾನು ದೊಡ್ಡ ತಪ್ಪು ಮಾಡಿದೆ. ಆಷಾಢದಲ್ಲಿ ಬೆಳಗಾವಿಯ ಮಳೆ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅಂಥ ಒಂದು ಭಾನುವಾರ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದು, ಬೇಗ ಆರುವ ಬಣ್ಣವಾದ ನೀಲಿ ಲ್ಯಾಕರ್ ಹೊಡೆದೆ. ಐದೇ ನಿಮಿಷದಲ್ಲಿ ಮೇಲ್ಮೈಗೆಲ್ಲ ಹಾಲು ಚೆಲ್ಲಿದಂತೆ ಬಿಳುಪು ಹರಡಿತು. ಥಿನ್ನರ್ ಆರುವಾಗ ಮೇಲ್ಮೈಯನ್ನು ತಂಪು ಮಾಡುತ್ತದೆ, ಗಾಳಿಯ ತೇವ ಆ ತಂಪಿನ ಮೇಲೆ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿ ಮೇಲೊಂದು ತೆಳು ಪದರ ಹೊಡೆದಾಗ ಮುಕ್ಕಾಲು ಭಾಗ ಸರಿಹೋಯಿತು, ಉಳಿದದ್ದನ್ನು ಉಜ್ಜಿ ಮತ್ತೆ ಹೊಡೆಯಬೇಕಾಯಿತು. ಆಮೇಲೆ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿ ಒಳಗೆ 40 ವಾಟಿನ ಹಳೆಯ ಕಾಲದ ಬಲ್ಬು ಮತ್ತು ಒಂದು ಥರ್ಮಾಮೀಟರ್ ಇಟ್ಟೆ. ಒಳಗಿನ ಕಾವನ್ನು 40 ಡಿಗ್ರಿ ದಾಟಲು ಬಿಡುವುದಿಲ್ಲ, ಹೆಚ್ಚಾದರೆ ತೆಳುವಾದ ರೆಕ್ಕೆ ಸೊಟ್ಟಗಾದೀತು. ಹೊಸ ಬಣ್ಣವನ್ನು ಮೊದಲು ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡುವುದು ಇನ್ನೊಂದು ರೂಢಿ, ಗಾಡಿಗಳಿಗೆ ಬಳಸುವ ಖಾರದ ಥಿನ್ನರ್ ಪಾಲಿಸ್ಟೈರೀನನ್ನೇ ತಿನ್ನುತ್ತದೆ.

ಪದರ ಎಷ್ಟು ತೆಳುವಿದ್ದರೂ ಸಾಲದು. ನಿಜವಾದ ಕಾರಿನ ಬಣ್ಣದ ದಪ್ಪ ಸುಮಾರು 0.1 ಮಿ.ಮೀ. ಅಷ್ಟೇ ದಪ್ಪವನ್ನು ಮಾದರಿಗೆ ಹಾಕಿದರೆ, ನಿಜವಾದ ಕಾರಿನ ಮೇಲೆ ಎರಡು ಮಿಲಿಮೀಟರ್ ಮೆತ್ತಿದಂತೆ. ಮುಚ್ಚಳಗಳ ಸಂದುಗೆರೆಗಳು ಹೂತುಹೋಗುತ್ತವೆ. ಅದಕ್ಕಾಗಿ ಪ್ರೈಮರಿಗೆ ಮೊದಲೇ ಆ ಗೆರೆಗಳನ್ನು ಸೂಜಿಯಿಂದ ಇನ್ನಷ್ಟು ಆಳ ಮಾಡಿಕೊಂಡಿದ್ದೆ. ತೆಗೆಯಬೇಕಾದ ಗೆರೆ ಬೇರೆ, ಉಳಿಸಬೇಕಾದ ಗೆರೆ ಬೇರೆ.

ಡಿಕಾಲ್‌ಗಳು, ಅಂದರೆ ಮಾದರಿಯ ಮೇಲೆ ಅಂಟಿಸುವ ಅಕ್ಷರ-ಚಿತ್ರಗಳು, 1976ರ ಜಪಾನ್ ರೇಸಿನವು. ಫ್ಯೂಜಿಯಲ್ಲಿ ಓಡುವಾಗ ತಂಡದ ಹೆಸರನ್ನು ಜಪಾನಿ ಅಕ್ಷರಗಳಲ್ಲಿ, ತಾ-ಇ-ರೆ-ರು ಎಂದು ಬರೆಸಿದ್ದರು. ಪರದೇಶದ ಹೆಸರನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡು ಬರೆದ ಆ ನಾಲ್ಕು ಅಕ್ಷರಗಳು ನನಗೆ ಬಹಳ ಇಷ್ಟ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಜಾರಿಸಿ, ಮೆದುಗೊಳಿಸುವ ದ್ರಾವಣ ಹಚ್ಚಿದಾಗ ಒಂದು ಕ್ಷಣ ಸುಕ್ಕುಗಟ್ಟುತ್ತವೆ. ಆಗ ಮುಟ್ಟಬಾರದು. ಆರುತ್ತಾ ಆರುತ್ತಾ ತಾವೇ ಬಿಗಿದುಕೊಂಡು ಉಬ್ಬುತಗ್ಗಿಗೆ ಕೂರುತ್ತವೆ.

ಗಾಲಿಗಳ ರಬ್ಬರಿನ ನಡುವಿನ ಗೆರೆಯನ್ನೂ ವಾಟರ್ ಪೇಪರಿನಲ್ಲಿ ತಿರುಗಿಸಿ ತೆಗೆದೆ, ಓಡಿದ ಟೈರಿನ ಬೂದುಗಪ್ಪು ಅದರಿಂದಲೇ ಬಂತು. ಸೀಟ್ ಬೆಲ್ಟುಗಳನ್ನು ಮುಲಾಮಿನ ಖಾಲಿ ಟ್ಯೂಬಿನ ತಗಡಿನಿಂದ 2.5 ಮಿ.ಮೀ. ಅಗಲಕ್ಕೆ ಕತ್ತರಿಸಿದೆ.

ಕೊನೆಗೆ ಉಳಿದವು ಎರಡು ಪುಟ್ಟ ಕಿಟಕಿಗಳು. ಮುಂದಿನ ಗಾಲಿಗಳು ಅಷ್ಟು ಚಿಕ್ಕವಾದ್ದರಿಂದ ಕೂತ ಚಾಲಕನಿಗೆ ಅವು ಕಾಣುತ್ತಿರಲಿಲ್ಲ, ಅದಕ್ಕೆಂದೇ ಕಾಕ್‌ಪಿಟ್ಟಿನ ಎರಡೂ ಬದಿಗೆ ಪಾರದರ್ಶಕ ಕಿಟಕಿ ಇಟ್ಟಿದ್ದರು. ಕ್ಷಣದಲ್ಲಿ ಹಿಡಿಯುವ ಅಂಟು ಇಲ್ಲಿ ಬೇಡ, ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕನ್ನು ಮಬ್ಬು ಮಾಡುತ್ತದೆ. ಸೂಜಿಯ ಮೊನೆಯಲ್ಲಿ ಫೆವಿಕಾಲ್ ಹಚ್ಚಿ ಕೂರಿಸಿ ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಬಿಳಿಯ ಅಂಟು ಆರಿ ಮಾಯವಾಗಿತ್ತು. ಮಗಳು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸೀಟಿನ ಮಟ್ಟಕ್ಕೆ ತಂದು ಆ ಕಿಟಕಿಯೊಳಗಿಂದ ನೋಡಿದಳು.

“ಅಪ್ಪಾ, ಎರಡೂ ಗಾಲಿ ಕಾಣುತ್ತವೆ.”