ಪೊದೆ ಕಡಿದ ಜಾಗದಲ್ಲಿ ಬೀಜ ಬಿತ್ತುವ ಮೊದಲು ನಾಲ್ಕು ಕಪ್ಪಿನ ಪರೀಕ್ಷೆ

ಲಂಟಾನದಂಥ ಪೊದೆ ಕಡಿದ ಜಾಗದಲ್ಲಿ ಕಾಡುಗಿಡಗಳ ಬೀಜ ಬಿತ್ತುವ ಮೊದಲು ಎರಡು ಕಪ್ಪಿಗೆ ಪೊದೆ ಬುಡದ ಮಣ್ಣು, ಎರಡಕ್ಕೆ ದೂರದ ಬಯಲು ಮಣ್ಣು ತುಂಬಿ. ಪ್ರತಿ ಜೋಡಿಯ ಒಂದು ಕಪ್ಪಿಗೆ ಮಾತ್ರ ಒಂದು ಚಮಚ ಆಕ್ಟಿವೇಟೆಡ್ ಚಾರ್ಕೋಲ್ (ವಿಶೇಷವಾಗಿ ಸಂಸ್ಕರಿಸಿದ ಇದ್ದಿಲು) ಪುಡಿ ಕಲಸಿ, ಎಲ್ಲದರಲ್ಲೂ ಮೂಲಂಗಿ ಬೀಜ ಹಾಕಿ. ಪೊದೆ ಬಿಟ್ಟುಹೋದ ರಾಸಾಯನಿಕ ಮೊಳಕೆಗೆ ತೊಂದರೆ ಕೊಡುತ್ತಿದೆಯೇ ಎಂಬ ಸುಳಿವು ವಾರದೊಳಗೆ ಸಿಗುತ್ತದೆ. ಎಷ್ಟು ಮೊಳೆತವು ಅನ್ನುವುದಕ್ಕಿಂತ ಬೇರು ನೋಡಿ: ಪೊದೆಯ ಎಲೆ, ಬೇರುಗಳಿಂದ ಮಣ್ಣಿಗಿಳಿಯುವ ಫೀನಾಲಿಕ್ ಆಮ್ಲಗಳಂಥ ರಾಸಾಯನಿಕಗಳ ಪೆಟ್ಟು ಹೆಚ್ಚಾಗಿ ಕಾಣುವುದು ಅಲ್ಲೇ, ಬೇರು ಮೋಟಾಗಿ ತುದಿ ಕಂದಾಗುತ್ತದೆ. ಚಾರ್ಕೋಲಿನ ಸೂಕ್ಷ್ಮ ರಂಧ್ರಗಳು ಅವನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಪೊದೆ ಮಣ್ಣಿನಲ್ಲಿ ಮಾತ್ರ ಚಾರ್ಕೋಲಿನಿಂದ ಬೇರು ಚೇತರಿಸಿಕೊಂಡರೆ ರಾಸಾಯನಿಕದ್ದೇ ತೊಂದರೆ ಎಂದು ಅನುಮಾನಿಸಬಹುದು. ಹಾಗಿದ್ದರೆ ತರಗೆಲೆಯನ್ನೆಲ್ಲ ಗೋರಿ ತೆಗೆದು, ಒಂದೆರಡು ಒಳ್ಳೆ ಮಳೆ ಆದಮೇಲೆ ಬಿತ್ತಿ. ಬಯಲು ಮಣ್ಣಿನಲ್ಲೂ ಅಷ್ಟೇ ಸುಧಾರಿಸಿದರೆ ಅದು ಚಾರ್ಕೋಲಿನದೇ ಪರಿಣಾಮ, ಪೊದೆಯನ್ನು ದೂರಬೇಡಿ. ಚಾರ್ಕೋಲ್ ಬದಲು ಒಲೆಯ ಬೂದಿ ಬಳಸಲೇಬೇಡಿ, ಮಣ್ಣಿನ ಕ್ಷಾರ ಹೆಚ್ಚಿ ಲೆಕ್ಕವೆಲ್ಲ ತಪ್ಪುತ್ತದೆ. ಮಣ್ಣು ತಾಜಾ ಇರಲಿ. ತೇವದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಸೂಕ್ಷ್ಮಜೀವಿಗಳೇ ಆ ರಾಸಾಯನಿಕ ಒಡೆದು ಹಾಕಿರುತ್ತವೆ. ಮೂಲಂಗಿ ತಡೆದುಕೊಂಡದ್ದನ್ನು ನೀವು ನೆಡುವ ಗಿಡ ತಡೆದುಕೊಳ್ಳದಿರಬಹುದು, ಆದ್ದರಿಂದ ಅದರದೇ ನಾಲ್ಕು ಬೀಜ ಪಕ್ಕದಲ್ಲಿ ಹಾಕಿ ನೋಡಿ.