ಹಡಗಲ್ಲ, ದ್ವೀಪ ನೋಡಿ ಆರಿಸಿದೆವು: ಗೆಳೆಯರೊಂದಿಗೆ ಕೆರಿಬಿಯನ್ ಕ್ರೂಸ್

ಕೆರಿಬಿಯನ್ ಕ್ರೂಸ್ ಎಂದ ಕೂಡಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹರಿದು ಬಂದದ್ದು ಹಡಗುಗಳ ಫೋಟೊಗಳು. ಈಜುಕೊಳ, ಜಾರುಬಂಡೆ, ಕ್ಯಾಸಿನೊ. ನಾನು ಹುಡುಕಿದ್ದು ಮಾರ್ಗದ ನಕ್ಷೆ. ಮಯಾಮಿಯಿಂದ ಹೊರಟರೆ ದಕ್ಷಿಣದ ದ್ವೀಪಗಳನ್ನು ಮುಟ್ಟುವಷ್ಟರಲ್ಲೇ ಎರಡು ದಿನ ನೀರಿನಲ್ಲಿ ಕಳೆದುಹೋಗುತ್ತದೆ. ಪೋರ್ಟೊ ರಿಕೊದ ಸ್ಯಾನ್ ಹ್ವಾನ್‌ನಿಂದ ಹೊರಟರೆ ರಾತ್ರಿಯಿಡೀ ಹಡಗು ಸಾಗುತ್ತದೆ, ಬೆಳಗಾದರೆ ಹೊಸ ದ್ವೀಪ. ಒಂದು ವಾರದ ರಜೆಯಲ್ಲಿ ಇದಕ್ಕಿಂತ ದೊಡ್ಡ ಲಾಭವಿಲ್ಲ ಎಂದು ನಾನು ಹಟ ಹಿಡಿದೆ. ಸ್ಯಾನ್ ಹ್ವಾನ್‌ವರೆಗಿನ ವಿಮಾನದ ಖರ್ಚು ಜಾಸ್ತಿ ಬಂತು. ಅದನ್ನು ಸರಿದೂಗಿಸಲು ಬಾಲ್ಕನಿ ಬಿಟ್ಟು ಒಳಗಿನ ಕೋಣೆ ಹಿಡಿದೆವು. ಕೆಳಗಿನ ಮಹಡಿ, ಹಡಗಿನ ನಡುಭಾಗ, ಅಲ್ಲಿ ತೂಗಾಟ ಕಡಿಮೆ.

ನಮ್ಮದು ಇಂಜಿನಿಯರಿಂಗ್ ಕಾಲದ ಗೆಳೆತನ. ಅರ್ಧ ಜನ ಅಮೆರಿಕದಲ್ಲಿ, ಅರ್ಧ ಜನ ಬೆಂಗಳೂರಿನಲ್ಲಿ. ಹಾಗಾಗಿ ಟಿಕೆಟ್‌ಗೆ ಮೊದಲು ಪಾಸ್‌ಪೋರ್ಟ್‌ಗಳನ್ನು ತೆಗೆದಿಟ್ಟುಕೊಂಡೆವು. ಪೋರ್ಟೊ ರಿಕೊ ಅಮೆರಿಕದ ನೆಲ. ಹಡಗು ಬೇರೆ ದೇಶಗಳನ್ನು ಮುಟ್ಟಿ ಅಲ್ಲಿಗೇ ಮರಳುವುದರಿಂದ ಅದು ಅಮೆರಿಕಕ್ಕೆ ಮತ್ತೊಂದು ಪ್ರವೇಶ. ಬೆಂಗಳೂರಿನವರ ವೀಸಾ ಹಲವು ಸಲ ಪ್ರವೇಶಕ್ಕೆ ಅವಕಾಶವಿರುವಂಥದ್ದಾಗಿರಬೇಕು. ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಅಮೆರಿಕದಲ್ಲಿರುವವರ ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್‌ನ ಅವಧಿ ಮುಗಿದಿರಬಾರದು. ಪ್ರತಿ ದ್ವೀಪವೂ ಬೇರೆ ದೇಶ, ಅವುಗಳ ನಿಯಮವನ್ನೂ ಒಂದೊಂದಾಗಿ ನೋಡಿಕೊಂಡೆವು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಅದನ್ನು ಬಿಟ್ಟು ಫೆಬ್ರವರಿ ಆರಿಸಿದೆವು.

ಊಟದ ಬಗ್ಗೆ ಸಸ್ಯಾಹಾರಿ ಗೆಳೆಯರಿಗೆ ಅಳುಕಿತ್ತು. ಮೊದಲ ರಾತ್ರಿಯೇ ಮುಖ್ಯ ವೇಟರ್ ಹತ್ತಿರ ಹೋಗಿ ಹೇಳಿದರೆ ಕೆಲಸ ಸಲೀಸು. ಮರುದಿನದಿಂದ ದಾಲ್, ಪಲ್ಯ, ಅನ್ನ ಮೇಜಿಗೆ ಬಂತು. ಅಡುಗೆಮನೆಯಲ್ಲಿ ಮಂಗಳೂರು ಕಡೆಯವರೊಬ್ಬರಿದ್ದರು. ನಾವು ಕನ್ನಡ ಮಾತಾಡುವುದು ಕೇಳಿ ಹೊರಗೆ ಬಂದು, "ಉಪ್ಪಿನಕಾಯಿ ಬೇಕಾದ್ರೆ ಹೇಳಿ ಸರ್" ಅಂದರು. ರಾತ್ರಿಯ ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಬರಬೇಕು, ಹಗಲು ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು: ಇದೊಂದೇ ನಾವು ಮಾಡಿಕೊಂಡ ಕಟ್ಟಳೆ. ಗೆಳೆಯರ ಗುಂಪು ಹಗಲಿಡೀ ಒಟ್ಟಿಗೇ ತಿರುಗಿದರೆ ಯಾರ ಆಸೆಯೂ ಪೂರ್ತಿಯಾಗುವುದಿಲ್ಲ.

ಆಂಟಿಗಾದಲ್ಲಿ ಹೆಚ್ಚಿನವರು ಬೀಚಿಗೆ ಹೋದರು. ನಾವು ಕೆಲವರು ಸೇಂಟ್ ಜಾನ್ಸ್ ಪಟ್ಟಣದೊಳಗೆ ನಡೆದು ಆಂಟಿಗಾ ರಿಕ್ರಿಯೇಷನ್ ಗ್ರೌಂಡ್ ಎಂಬ ಕ್ರಿಕೆಟ್ ಮೈದಾನ ನೋಡಲು ಹೋದೆವು. ಹಡಗುಕಟ್ಟೆಯಿಂದ ನಡೆಯುವಷ್ಟೇ ದೂರ. ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ 1994ರಲ್ಲಿ 375, 2004ರಲ್ಲಿ ಔಟಾಗದೆ 400 ರನ್ ಹೊಡೆದದ್ದು ಇಲ್ಲೇ. ನಮ್ಮನ್ನು ಎಳೆದುಕೊಂಡು ಹೋದದ್ದು ಮಾತ್ರ 2002ರ ಭಾರತ-ವೆಸ್ಟ್ ಇಂಡೀಸ್ ಟೆಸ್ಟ್. ಮರ್ವಿನ್ ಡಿಲ್ಲನ್ ಎಸೆತ ತಗುಲಿ ದವಡೆ ಮುರಿದಿದ್ದ ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಮತ್ತೆ ಮೈದಾನಕ್ಕಿಳಿದರು. 14 ಓವರ್ ಎಸೆದು, ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿ, ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟರು. ಆ ಪಂದ್ಯವನ್ನು ನಾವು ಹಾಸ್ಟೆಲ್‌ನ ಟಿವಿಯಲ್ಲಿ ನಡುರಾತ್ರಿ ನೋಡಿದ್ದೆವು. ದೊಡ್ಡ ಪಂದ್ಯಗಳು ಈಗ ಬೇರೆ ಕ್ರೀಡಾಂಗಣಕ್ಕೆ ಹೋಗಿವೆ. ಬೇಲಿಗೆ ಕೈಯಿಟ್ಟು ನಿಂತಾಗ ಗೆಳೆಯನೊಬ್ಬ, "ಇಲ್ಲೇ ಅಲ್ವೇನೋ!" ಅಂದ. ನನ್ನ ಕಣ್ಣು ತುಂಬಿತು.

ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್ ಕೂಡ ಬಂದರಿನಿಂದ ದೂರವಿಲ್ಲ, ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆಯಿದೆ. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದದ್ದು ಇಲ್ಲಿ. 2007ರ ಏಕದಿನ ವಿಶ್ವಕಪ್‌ನಲ್ಲಿ ಇದೇ ಕೆರಿಬಿಯನ್‌ನಿಂದ ನಾಯಕರಾಗಿ ಮೊದಲ ಸುತ್ತಿನಲ್ಲೇ ಸೋತು ಮರಳಿದ್ದ ದ್ರಾವಿಡ್, ಕೋಚ್ ಆಗಿ ಕಪ್ ಎತ್ತಿ ಕೂಗಿದ ಜಾಗ. ಬೆಂಗಳೂರಿನವರಿಗೆ ಇದು ಕ್ಷೇತ್ರದರ್ಶನವೇ. ಇಲ್ಲಿಗೆ ಬರುವವರಿಗೆ ಒಂದು ಮಾತು: ಸೈನಿಕರ ಸಮವಸ್ತ್ರದಂಥ ಮಚ್ಚೆ ಬಟ್ಟೆಯನ್ನು ಮಕ್ಕಳಿಗೂ ಹಾಕಬೇಡಿ. ಬಾರ್ಬಡೋಸ್, ಆಂಟಿಗಾ, ಸೇಂಟ್ ಲೂಸಿಯಾಗಳಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸೇಂಟ್ ಲೂಸಿಯಾ. ರಾಜಧಾನಿ ಕ್ಯಾಸ್ಟ್ರೀಸ್‌ನಿಂದ ದೋಣಿಯಲ್ಲಿ ಪಶ್ಚಿಮ ಕರಾವಳಿಗುಂಟ ಸೂಫ್ರಿಯೇರ್ ಕಡೆ ಹೊರಟರೆ, ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಎರಡು ಪಿಟಾನ್ ಶಿಖರಗಳು ಕಾಣುತ್ತವೆ. 2004ರಿಂದ ವಿಶ್ವ ಪರಂಪರೆಯ ತಾಣ. ಹತ್ತಿರದಲ್ಲೇ ಗಂಧಕದ ಬಿಸಿನೀರಿನ ಬುಗ್ಗೆಗಳು. ಮರಳಿ ಬಂದು ಕ್ಯಾಸ್ಟ್ರೀಸ್ ಮಾರುಕಟ್ಟೆ ಹೊಕ್ಕರೆ ಪುತ್ತೂರಿನ ಸಂತೆಯೇ ಕಣ್ಣೆದುರು: ಜೀಗುಜ್ಜೆ (ದೀವಿಹಲಸು), ಕೆಸುವಿನ ಗೆಡ್ಡೆ, ಬಾಳೆಕಾಯಿ, ಜಾಯಿಕಾಯಿ, ಎಳನೀರು. ನಮ್ಮಲ್ಲಿ ಪೋಡಿ ಮಾಡುವ ಜೀಗುಜ್ಜೆಯನ್ನು ಅಲ್ಲಿ ಇಡಿಯಾಗಿ ಕೆಂಡದಲ್ಲಿ ಸುಟ್ಟು ಹೋಳು ಮಾಡಿ ಕೊಡುತ್ತಾರೆ. ನಮ್ಮ ಪತ್ರೊಡೆಯ ಕೆಸುವಿನೆಲೆ ಅಲ್ಲಿ ಕಲಲೂ ಎಂಬ ಸಾರಾಗುತ್ತದೆ. ಅದಕ್ಕೆ ಏಡಿ, ಮಾಂಸ ಹಾಕುವುದುಂಟು, ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಜೀಗುಜ್ಜೆ ಈ ಕಡೆಯ ದ್ವೀಪಗಳಿಗೆ ಬಂದ ಕತೆ ನೋವಿನದು. ಗುಲಾಮರಿಗೆ ಅಗ್ಗದ ಆಹಾರ ಬೇಕೆಂದು ಬ್ರಿಟಿಷರು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ತರಿಸಿದ್ದು ಅದನ್ನು. ಮೊದಲ ಯತ್ನ ಬೌಂಟಿ ಹಡಗಿನ ದಂಗೆಯಲ್ಲಿ ಮುರಿದು, ಅದರ ಕ್ಯಾಪ್ಟನ್ ಬ್ಲೈ ಎರಡನೇ ಸಲ ಹೊರಟು 1793ರಲ್ಲಿ ನೆರೆಯ ಸೇಂಟ್ ವಿನ್ಸೆಂಟ್‌ಗೆ ಸಸಿ ಮುಟ್ಟಿಸಿದ. ಮಾರುತ್ತಿದ್ದ ಅಜ್ಜಿಗೆ, ನಮ್ಮೂರಿನ ತೋಟದಲ್ಲೂ ಇದೇ ಮರವಿದೆ ಎಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಆಕೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿ, ಇನ್ನೊಂದು ಹೋಳು ಕೈಗಿಟ್ಟರು, ದುಡ್ಡು ಮುಟ್ಟಲಿಲ್ಲ.

ದಡದಲ್ಲಿ ಸ್ವಂತವಾಗಿ ತಿರುಗುವವರು ಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಳ್ಳಲೇಬೇಕು. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಕಾಯುತ್ತಾರೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಟ್ಯಾಕ್ಸಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ, ಯಾವ ಡಾಲರ್ ಎಂದೂ ಕೇಳಿ. ಆಂಟಿಗಾ, ಸೇಂಟ್ ಲೂಸಿಯಾಗಳಲ್ಲಿ ನಡೆಯುವ ಪೂರ್ವ ಕೆರಿಬಿಯನ್ ಡಾಲರ್ 2.70 ಸೇರಿದರೆ ಒಂದು ಅಮೆರಿಕನ್ ಡಾಲರ್. ಬಾರ್ಬಡೋಸ್‌ನ ಡಾಲರ್ ಆದರೆ ಎರಡಕ್ಕೆ ಒಂದು.

ಸ್ಯಾನ್ ಹ್ವಾನ್‌ನಲ್ಲಿ ಇಳಿದ ಮೇಲೆ ವಿಮಾನಕ್ಕೆ ಮಧ್ಯಾಹ್ನದ ನಂತರದ ಹೊತ್ತನ್ನೇ ಇಟ್ಟುಕೊಂಡಿದ್ದೆವು. ಅಮೆರಿಕದ ಮುಖ್ಯ ನೆಲಕ್ಕೆ ಹೋಗುವವರ ಚೀಲಗಳನ್ನು ಅಲ್ಲಿ ಕೃಷಿ ಇಲಾಖೆಯವರು ಬೇರೆಯಾಗಿ ತಪಾಸಣೆ ಮಾಡುತ್ತಾರೆ. ಹಸಿ ಹಣ್ಣು, ಗೆಡ್ಡೆ ಕೊಂಡು ತರುವ ಯೋಚನೆ ಬಿಟ್ಟು, ಸೇಂಟ್ ಲೂಸಿಯಾದ ಕೋಕೋ ಕಡ್ಡಿಗಳನ್ನು ತಂದಿದ್ದೆವು. ಅದನ್ನು ತುರಿದು, ಹಾಲು, ಚಕ್ಕೆ, ಜಾಯಿಕಾಯಿ ಹಾಕಿ ಕುದಿಸಿದರೆ ಅಲ್ಲಿನವರ ಬೆಳಗಿನ ಪಾನೀಯ ಸಿದ್ಧ. ನಾನು ಬೆಲ್ಲ ಹಾಕಿ ಮಾಡುತ್ತೇನೆ, ಚೆನ್ನಾಗಿ ಬರುತ್ತದೆ.