ಸೊಟ್ಟ ಜಾಗಕ್ಕೆ ಸೊಟ್ಟ ಶೆಡ್ಡೇ ಸರಿ

ನಮ್ಮ ಹಿತ್ತಲಿನ ಹಳೇ ಶೆಡ್ಡಿನ ಬಾಗಿಲು ಎರಡು ವರ್ಷದಿಂದ ಮುಚ್ಚುತ್ತಿರಲಿಲ್ಲ. ಒಂದು ಇಟ್ಟಿಗೆ ಒತ್ತಿಟ್ಟು ನಿಲ್ಲಿಸುತ್ತಿದ್ದೆವು. ಕೆಳಗಿನ ಹಲಗೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಬೆರಳಲ್ಲಿ ಒತ್ತಿದರೆ ರಟ್ಟಿನ ಹಾಗೆ ಒಳಕ್ಕೆ ಹೋಗುತ್ತಿತ್ತು. "ಅದೇ ಅಳತೆಯದ್ದು ಇನ್ನೊಂದು ತಂದು ನಿಲ್ಲಿಸಿದರೆ ಆಯ್ತಲ್ಲ" ಅಂದರು ನಮ್ಮನೆಯವರು.

ನಾನು ಒಪ್ಪಲಿಲ್ಲ. ನಮ್ಮ ಹಿತ್ತಲಿನ ಆ ಮೂಲೆ ಚೌಕವಾಗಿಲ್ಲ. ಮುಂದೆ ಓಡಾಡುವ ದಾರಿ ನೇರವಾಗಿದೆ, ಹಿಂದಿನ ಕಾಂಪೌಂಡ್ ಗೋಡೆ ಓರೆಯಾಗಿ ಬಂದಿದೆ. ದಾರಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತರೆ ಎಡಕ್ಕೆ ಅಗಲ, ಬಲಕ್ಕೆ ಕಿರಿದು. ಎಡಗಡೆ ಒಂದು ಮರ, ಬಲಗಡೆ ಚರಂಡಿ ಚೇಂಬರಿನ ಮುಚ್ಚಳ. ಇಂಥ ಜಾಗದಲ್ಲಿ 6 ಅಡಿಗೆ 4 ಅಡಿಯ ಪೆಟ್ಟಿಗೆಯಂಥ ಶೆಡ್ಡು ಕೂತಿತ್ತು. ಅದರ ಹಿಂದೆ ಒಂದು ತ್ರಿಕೋನ ಉಳಿದು, ಒಡೆದ ಕುಂಡ, ತುಕ್ಕು ಹಿಡಿದ ತಂತಿ, ಇಲಿ ಬಿಲ ಎಲ್ಲ ಅಲ್ಲಿ ಸೇರಿಕೊಂಡಿದ್ದವು. ಇರುವ ಜಾಗದಲ್ಲಿ ಅರ್ಧವೂ ಕೈಗೆ ಸಿಗುತ್ತಿರಲಿಲ್ಲ.

ಅದಕ್ಕೇ ಈ ಸಲ ಶೆಡ್ಡನ್ನೇ ಸೊಟ್ಟಗೆ ಕಟ್ಟಿಸಿದೆ. ಮೂರು ಗೋಡೆ ನೇರ, ಹಿಂದಿನದೊಂದು ಓರೆ. ಅದನ್ನು ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅಂತ ಹೇಳುತ್ತೇನೆ. ನಿಮ್ಮ ಜಾಗದ ಅಳತೆ ಬೇರೆ ಇರುತ್ತದೆ, ಲೆಕ್ಕ ಮಾಡುವ ಕ್ರಮ ಇದೇ.

ಮೊದಲು ಟೇಪು

ಗೋಡೆಯ ಎರಡು ತುದಿ ಮಾತ್ರ ಅಳೆದು ನಡುವೆ ನೇರ ಇದೆ ಅಂದುಕೊಳ್ಳಬೇಡಿ. ನಾನು ಮೊದಲ ದಿನ ಹಾಗೇ ಮಾಡಿದೆ. ಎಡ ತುದಿಯಲ್ಲಿ ದಾರಿಯಿಂದ ಗೋಡೆಗೆ 7 ಅಡಿ 4 ಇಂಚು, ಬಲ ತುದಿಯಲ್ಲಿ 4 ಅಡಿ 9 ಇಂಚು, ಉದ್ದ ಹನ್ನೊಂದೂವರೆ ಅಡಿ. ಚೀಟಿಯಲ್ಲಿ ಬರೆದುಕೊಂಡು ಖುಷಿಯಾಗಿ ಒಳಗೆ ಬಂದೆ. ಮಾರನೇ ದಿನ ಗೋಡೆಯ ತುದಿಯಿಂದ ತುದಿಗೆ ದಾರ ಎಳೆದು ನೋಡಿದರೆ, ನಡುವೆ ಗೋಡೆ ಎರಡೂವರೆ ಇಂಚು ಹೊಟ್ಟೆ ಬಿಟ್ಟಿದೆ! ಹಳೇ ಗೋಡೆಗಳು ಹೀಗೇ. ಅದಕ್ಕೆ ಎರಡೆರಡು ಅಡಿಗೆ ಒಂದು ಸಲ ಅಳೆಯಿರಿ. ನೆಲದಲ್ಲಿ ಒಮ್ಮೆ, ತಲೆಯ ಎತ್ತರದಲ್ಲಿ ಇನ್ನೊಮ್ಮೆ. ಗೋಡೆ ವಾಲಿದ್ದರೆ ಆಗ ಗೊತ್ತಾಗುತ್ತದೆ.

ಇನ್ನು, ಗೋಡೆಗೆ ಅಂಟಿಸಿ ಕಟ್ಟುವ ಆಸೆ ಬೇಡ. ಹಿಂದೆ ಕಸ ಬೀಳುತ್ತದೆ, ಪೇಂಟ್ ಬಳಿಯಬೇಕಾಗುತ್ತದೆ, ಎಲೆ ಕೊಳೆಯುತ್ತದೆ. ಒಬ್ಬರು ಅಡ್ಡಡ್ಡ ನುಸುಳಿ ಹೋಗುವಷ್ಟಾದರೂ ಬಿಡಿ. ನಾನು ಗೋಡೆಯ ಹೊಟ್ಟೆ ಇರುವ ಕಡೆ 15 ಇಂಚು ಬಿಟ್ಟೆ, ಉಳಿದ ಕಡೆ ಅದಕ್ಕಿಂತ ಜಾಸ್ತಿ. ಗಡಿಯಿಂದ ಇಷ್ಟು ದೂರ ಇರಬೇಕು ಅಂತ ನಿಮ್ಮಲ್ಲಿ ನಿಯಮ ಇದ್ದರೆ ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಚೇಂಬರಿನ ಮುಚ್ಚಳ ಮಾತ್ರ ಯಾವ ಕಾರಣಕ್ಕೂ ಶೆಡ್ಡಿನ ಅಡಿಗೆ ಹೋಗಬಾರದು. ಅದಕ್ಕೆ ಬಲಗಡೆ ಒಂದೂವರೆ ಅಡಿ ಹಾಗೇ ಬಿಟ್ಟೆ.

ಎಲ್ಲ ಕಳೆದು ಉಳಿದದ್ದು: ಮುಂದೆ ಉದ್ದ 10 ಅಡಿ, ಎಡ ಗೋಡೆ 6 ಅಡಿ, ಬಲ ಗೋಡೆ ಮೂರೂವರೆ ಅಡಿ. ಒಟ್ಟು 47.5 ಚದರ ಅಡಿ. ಹಳೆಯದು 24 ಇತ್ತು. ಈ ಲೆಕ್ಕ ತೋರಿಸಿದ ಮೇಲೆ ನಮ್ಮನೆಯವರು ಸುಮ್ಮನಾದರು.

ಇಟ್ಟಿಗೆಯ ನಾಟಕ

ಕಾಗದದಲ್ಲಿ ಎಲ್ಲವೂ ಹಿಡಿಸುತ್ತದೆ. ನೆಲದಲ್ಲಿ ಬೇರೆ. ಹಳೇ ಶೆಡ್ಡು ಖಾಲಿ ಮಾಡಿದ ದಿನ ಅಂಗಳದಲ್ಲಿ ಹೊಸ ಶೆಡ್ಡಿನ ಅಳತೆಗೇ ಇಟ್ಟಿಗೆ ಸಾಲು ಜೋಡಿಸಿದೆ. ಬಾಗಿಲಿಗೆ ಜಾಗ ಬಿಟ್ಟೆ. ಒಳಗೆ ಸಾಮಾನನ್ನೆಲ್ಲ ನಿಜವಾಗಿ ಇಟ್ಟೆ. ಏಣಿ, ಗುದ್ದಲಿ, ಹಾರೆ, ಗೊಬ್ಬರದ ಚೀಲ, ಪೈಪಿನ ಸುರುಳಿ, ಒಂಟಿ ಚಕ್ರದ ಗಾಡಿ. ಎರಡು ದಿನ ಗಾಡಿ ತಳ್ಳಿಕೊಂಡು "ಬಾಗಿಲಲ್ಲಿ" ಒಳಗೆ ಹೊರಗೆ ಓಡಾಡಿದೆ. ನೋಡಿದವರು ನಕ್ಕರು, ನಗಲಿ.

ಆಗಲೇ ಗೊತ್ತಾಗಿದ್ದು, ಬಾಗಿಲು ನಡುವೆ ಇದ್ದರೆ ಏನೂ ಪ್ರಯೋಜನ ಇಲ್ಲ ಅಂತ. 8 ಅಡಿ ಏಣಿಯನ್ನು ತಿರುಗಿಸಲು ಆಗುವುದಿಲ್ಲ. ಬಾಗಿಲು ಅಗಲದ ತುದಿಯಲ್ಲಿ, ಅಂದರೆ ಎಡಕ್ಕೆ ಇರಬೇಕು. ಆಗ ಏಣಿಯನ್ನು ಓರೆಗೋಡೆಯ ಉದ್ದಕ್ಕೆ ಹಾಗೇ ಜಾರಿಸಬಹುದು. ಕಿರಿದಾದ ಬಲ ತುದಿ ಶೆಲ್ಫಿಗೆ. ಒಂದಡಿ ಆಳದ ಹಲಗೆ ಸಾಕು. ಆಳ ಜಾಸ್ತಿ ಆದರೆ ಹಿಂದಿನ ಡಬ್ಬ ವರ್ಷಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ.

ಗಾಡಿ ಆರಾಮಾಗಿ ಹೋಗಲು ಬಾಗಿಲು 3 ಅಡಿ ಬೇಕು. ಆದರೆ ಮುಂದಿನ ದಾರಿಯೇ ಎರಡೂವರೆ ಅಡಿ, ಅದರಾಚೆ ಗಿಡದ ಮಡಿ. 3 ಅಡಿಯ ಒಂಟಿ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅದಕ್ಕೆ ಒಂದೂವರೆ ಅಡಿಯ ಎರಡು ಬಾಗಿಲು ಹಾಕಿಸಿದೆ. ಒಂದಕ್ಕೆ ಮೇಲೆ ಕೆಳಗೆ ಅಗುಳಿ, ದಿನದ ಕೆಲಸಕ್ಕೆ ಇನ್ನೊಂದು.

ಹಳೆಯದನ್ನು ಬಿಚ್ಚುವಾಗ

ಇಲ್ಲಿ ಒಂದು ಮಾತ್ರ ಗಟ್ಟಿಯಾಗಿ ಹೇಳಬೇಕು. ಹಳೇ ಶೆಡ್ಡಿನ ಮೇಲೆ ಬೂದು ಬಣ್ಣದ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷ ಆದಮೇಲೆ ಕ್ಯಾನ್ಸರ್ ಬರಬಹುದು. ಒಡೆಯಬೇಡಿ, ಕೊರೆಯಬೇಡಿ, ಗ್ರೈಂಡರ್ ಅಂತೂ ಹಚ್ಚಲೇಬೇಡಿ. ಪಳಗಿದವರ ಕೈಲಿ ತೆಗೆಸಿ. ಅವರು ನೀರು ಚಿಮುಕಿಸಿ ಒದ್ದೆ ಮಾಡಿ, ಮೊಳೆ ಬಿಚ್ಚಿ, ಇಡೀ ಶೀಟು ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಾರೆ. ಬಟ್ಟೆ ಮಾಸ್ಕು ಈ ಧೂಳಿಗೆ ಏನೂ ಅಲ್ಲ. ನಮ್ಮದು ತಗಡಿನ ಶೀಟಾಗಿತ್ತು, ಬಚಾವಾದೆವು. ಉಳಿದದ್ದು ಸುಲಭ: ಮೇಲಿಂದ ಕೆಳಕ್ಕೆ ಬಿಚ್ಚಿ, ಗೆದ್ದಲು ತಿಂದ ಮರವನ್ನು ಹಿತ್ತಲಲ್ಲಿ ಪೇರಿಸಿಡಬೇಡಿ.

ಗುರುತು ಹಾಕುವುದು

ಚೌಕ ಕಟ್ಟಡಕ್ಕೆ ಗಾರೆ ಕೆಲಸದವರು ಎರಡೂ ಕರ್ಣ ಅಳೆದು ಸಮ ಇದೆಯಾ ನೋಡುತ್ತಾರೆ. ಸೊಟ್ಟ ಶೆಡ್ಡಿಗೆ ಆ ಉಪಾಯ ನಡೆಯುವುದಿಲ್ಲ, ಕರ್ಣಗಳು ಸಮ ಇರಲೇಬಾರದು. ಬಂದವರು ಅಭ್ಯಾಸಬಲದಿಂದ ಸಮ ಮಾಡಲು ಹೊರಟರು, ನಾನು ಚೀಟಿ ಹಿಡಿದು ನಿಂತೆ.

ಮುಂದಿನ ದಾರವನ್ನು ಮೊದಲು ಕಟ್ಟಿ. ಅದರ ಎರಡೂ ತುದಿಯಲ್ಲಿ ಮೂಲೆ ನೇರ ಮಾಡಿ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತಿಸಿ, ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ ಇದೆ. ಆಮೇಲೆ ಎಡಕ್ಕೆ 6, ಬಲಕ್ಕೆ ಮೂರೂವರೆ ಅಳೆದು ಗೂಟ ಹೊಡೆಯಿರಿ. ಈಗ ಪರೀಕ್ಷೆ: ಎಡ ಹಿಂದಿನ ಗೂಟದಿಂದ ಬಲ ಮುಂದಿನ ಗೂಟಕ್ಕೆ 11 ಅಡಿ 8 ಇಂಚು ಬರಬೇಕು, ಇನ್ನೊಂದು ಕರ್ಣ 10 ಅಡಿ 7 ಇಂಚು, ಹಿಂದಿನ ಓರೆ ಸಾಲು 10 ಅಡಿ ಮೂರೂ ಮುಕ್ಕಾಲು ಇಂಚು. ಈ ಲೆಕ್ಕಕ್ಕೆ ಶಾಲೆಯ ಪೈಥಾಗೊರಸ್ ಸಾಕು. ಇಷ್ಟು ವರ್ಷ ಆದಮೇಲೆ ಅದು ಕೆಲಸಕ್ಕೆ ಬಂತು ನೋಡಿ!

ಆರು ಕಂಬಕ್ಕೆ ಆರು ಗುಂಡಿ, ಒಂದಡಿ ಚೌಕ, ಒಂದೂವರೆ ಅಡಿ ಆಳ. ಮರದ ಹತ್ತಿರದ ಗುಂಡಿಗಳನ್ನು ಕೈಯಲ್ಲೇ ತೋಡಿಸಿ. ಮುಂದಿನ ಸಾಲಿನ ನಡುಗುಂಡಿಯಲ್ಲಿ ಮುಂಗೈ ದಪ್ಪದ ಬೇರು ಸಿಕ್ಕಿತು. ಕಡಿದರೆ ಮರಕ್ಕೂ ಪೆಟ್ಟು, ಬೇರು ಕೊಳೆತ ಮೇಲೆ ಮಣ್ಣೂ ಕುಸಿಯುತ್ತದೆ. ಕಂಬವನ್ನು 8 ಇಂಚು ಬಲಕ್ಕೆ ಸರಿಸಿದೆವು. ನಡುಕಂಬ ಆಗಿದ್ದಕ್ಕೆ ಆಯ್ತು, ಮೂಲೆಕಂಬ ಆಗಿದ್ದರೆ ಇಡೀ ಲೆಕ್ಕವೇ ಹೋಗುತ್ತಿತ್ತು. ಅದಕ್ಕೇ ಸಾಮಾನು ತರಿಸುವ ಮುಂಚೆ ಗುಂಡಿ ತೋಡಿ ನೋಡಿ.

ನೆಲ ಸುತ್ತಲಿನ ಮಣ್ಣಿಗಿಂತ 6 ಇಂಚು ಮೇಲಿರಲಿ. ಜಲ್ಲಿ ಬಡಿದು ಕೂರಿಸಿ, ಮೇಲೆ 4 ಇಂಚು ಕಾಂಕ್ರೀಟು. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಬಾಗಿಲ ಕಡೆಗೆ ಅರ್ಧ ಇಂಚು ಇಳಿಜಾರು ಕೊಟ್ಟರೆ ತೊಳೆದ ನೀರು ಹೊರಗೆ ಹೋಗುತ್ತದೆ. ಏಳು ದಿನ ಒದ್ದೆ ಗೋಣಿ ಹೊದಿಸಿ ನೀರುಣಿಸಿ. ಕಂಬಗಳನ್ನು ಬೋಲ್ಟು ಹಾಕಿ ಬಿಗಿಯಿರಿ, ಹಗುರ ಶೆಡ್ಡನ್ನು ಬಿರುಗಾಳಿ ಎತ್ತಿ ಒಗೆಯುತ್ತದೆ.

ಮಾಡಿನ ತಾಪತ್ರಯ

ನಾವು ನಿಜವಾಗಿ ಎಡವಿದ್ದು ಇಲ್ಲಿ. ಮಾಡು ಮುಂದಿನಿಂದ ಹಿಂದಕ್ಕೆ ಇಳಿಯಬೇಕು, ಅಡಿಗೆ 2 ಇಂಚಿನ ಇಳಿಜಾರು ಅಂತ ಮಾತಾಗಿತ್ತು. ಮುಂದಿನ ಕಂಬ 7 ಅಡಿ. ವೆಲ್ಡಿಂಗ್ ಹುಡುಗ ಹಿಂದಿನ ಎರಡೂ ಮೂಲೆಕಂಬಗಳನ್ನು ಸಮವಾಗಿ 6 ಅಡಿಗೆ ಕತ್ತರಿಸಿ ನಿಲ್ಲಿಸಿದ. ನೋಡಲು ನೀಟಾಗಿತ್ತು, ನಾನೂ ತಲೆಯಾಡಿಸಿದೆ. ಶೀಟು ಮೇಲಿಟ್ಟಾಗ ಒಂದು ಮೂಲೆ ಒತ್ತಿದರೆ ಎದುರು ಮೂಲೆ ಏಳುತ್ತದೆ! ಕುಂಟು ಮಂಚದ ಹಾಗೆ ಡಗಡಗ ಅಂತಿತ್ತು.

ಯಾಕೆ ಅಂದರೆ, ಎಡಗಡೆ 6 ಅಡಿ ದೂರದಲ್ಲಿ ಒಂದಡಿ ಇಳಿಯುತ್ತಿದೆ, ಬಲಗಡೆ ಮೂರೂವರೆ ಅಡಿಯಲ್ಲೇ ಅದೇ ಒಂದಡಿ. ಬಲಗಡೆ ಇಳಿಜಾರು ಕಡಿದಾಯ್ತು. ಮಾಡು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತು. ತಗಡು ಹಾಗೆ ತಿರುಚಲು ಒಪ್ಪುವುದಿಲ್ಲ. ಸರಿ ಲೆಕ್ಕ ಹೀಗೆ: ಎಡಗಡೆ 6 ಅಡಿಗೆ 12 ಇಂಚು ಇಳಿಯಲಿ, ಬಲಗಡೆ ಮೂರೂವರೆ ಅಡಿಗೆ 7 ಇಂಚು ಮಾತ್ರ. ಅಂದರೆ ಹಿಂದಿನ ಎಡ ಕಂಬ 6 ಅಡಿ, ಬಲ ಕಂಬ 6 ಅಡಿ 5 ಇಂಚು, ನಡುವಿನದು ಅವೆರಡರ ನಡುವಿನ ಎತ್ತರ. ಹಿಂದಿನ ಸೂರು ಓರೆಯಾಗಿ ಕಾಣುತ್ತದೆ, ಮಾಡು ಮಾತ್ರ ಚಪ್ಪಟೆಯಾಗಿ ಕೂರುತ್ತದೆ. ಕಂಬಗಳಿಗೆ ತುಂಡು ಬೆಸೆದು ಸರಿ ಮಾಡಿದ ಹುಡುಗ. ಆ ಬೆಸುಗೆ ಗಂಟು ಈಗಲೂ ಕಾಣುತ್ತದೆ.

ಇದರಲ್ಲಿ ಒಂದು ಲಾಭವೂ ಸಿಕ್ಕಿತು. ಹಿಂದಿನ ಸೂರು ಎಡಕ್ಕೆ 5 ಇಂಚು ತಗ್ಗಿರುವುದರಿಂದ ನೀರಿನ ದೋಣಿಯನ್ನು ಸೂರಿನ ಉದ್ದಕ್ಕೂ ಹಾಗೇ ಕಟ್ಟಿದರೆ ಸಾಕು, ನೀರು ತಾನಾಗಿ ಎಡಕ್ಕೆ ಓಡುತ್ತದೆ. ಅಲ್ಲೊಂದು ಡ್ರಮ್ಮು ಇಟ್ಟೆ. ಮರದ ಎಲೆ ಬೀಳುತ್ತದಲ್ಲ, ದೋಣಿಯ ಮೇಲೆ ಜಾಲರಿ ಬೇಕೇ ಬೇಕು.

ಶೀಟು ಕತ್ತರಿಸುವ ಉಪಾಯ

ಹಿಂದಿನ ಅಂಚು ಓರೆ ಆದ್ದರಿಂದ ಪ್ರತಿ ಶೀಟಿನ ಬುಡವನ್ನೂ ಓರೆಯಾಗಿ ಕತ್ತರಿಸಬೇಕು. ನಾಲ್ಕು ಶೀಟು ತಂದು ನಾಲ್ಕರಲ್ಲೂ ತುಂಡು ಕಳೆಯುವುದು ನನಗೆ ಸಂಕಟ. ಒಂದು ಸಂಜೆ ಕ್ಯಾಲೆಂಡರಿನ ಹಾಳೆ ಕತ್ತರಿಸುತ್ತಾ ಕೂತಾಗ ಹೊಳೆಯಿತು. ಉದ್ದನೆ ಪಟ್ಟಿಯನ್ನು ಒಂದೇ ಓರೆ ಗೆರೆಯಲ್ಲಿ ಎರಡು ಮಾಡಿ, ಒಂದನ್ನು ತಲೆಕೆಳಗು ತಿರುಗಿಸಿ, ಮಗುಚಬೇಡಿ, ಸುಮ್ನೆ ತಿರುಗಿಸಿ. ಎರಡರ ಓರೆಯೂ ಒಂದೇ ದಿಕ್ಕಿಗೆ ಬರುತ್ತದೆ! ಅತಿ ಉದ್ದದ ತುಂಡಿಗೆ ಅತಿ ಗಿಡ್ಡದ್ದು ಜೋಡಿ, ನಡುವಿನ ಎರಡು ಇನ್ನೊಂದು ಜೋಡಿ. ಎರಡು ಜೋಡಿಯ ಉದ್ದವೂ ಸಮ ಬರುತ್ತದೆ. ಮುಂದೆ ಹಿಂದೆ ಸೂರು ಸೇರಿಸಿ ಒಂದು ಜೋಡಿಗೆ 11 ಅಡಿ 2 ಇಂಚು. 12 ಅಡಿಯ ಎರಡೇ ಶೀಟಿನಲ್ಲಿ ಇಡೀ ಮಾಡು ಮುಗಿಯಿತು.

ಇದು ಮಾಮೂಲಿ ಅಲೆಅಲೆ ಶೀಟಿಗೆ. ಒಂದು ಅಂಚು ಮೇಲೆ ಕೂರಲು, ಇನ್ನೊಂದು ಅಡಿಗೆ ಹೋಗಲು ಅಂತ ಬೇರೆಬೇರೆ ಮಾಡಿರುವ ಶೀಟಾದರೆ ತಿರುಗಿಸಿದಾಗ ಅಂಚು ಅದಲುಬದಲಾಗುತ್ತದೆ. ಅಲ್ಲಿ ನಡೆಯುವುದಿಲ್ಲ. ಯಾವುದಕ್ಕೂ ಮೊದಲು ಕಾಗದದಲ್ಲಿ ಕತ್ತರಿಸಿ ಜೋಡಿಸಿ ನೋಡಿ.

ತಗಡಿನ ಕತ್ತರಿಯಲ್ಲೇ ಕತ್ತರಿಸಿ. ಗ್ರೈಂಡರ್ ಕಿಡಿ ಬಿದ್ದ ಕಡೆ ಸತುವಿನ ಲೇಪ ಸುಟ್ಟು ತುಕ್ಕು ಹಿಡಿಯುತ್ತದೆ. ಪಕ್ಕದ ಶೀಟಿನ ಮೇಲೆ ಒಂದೂವರೆ ಅಲೆ ಹೊದಿಕೆ ಇರಲಿ, ಮಳೆಗಾಳಿ ಬರುವ ದಿಕ್ಕಿಗೆ ಬಾಯಿ ತೆರೆಯದ ಹಾಗೆ. ಸ್ಕ್ರೂ ಅಲೆಯ ತಲೆಯ ಮೇಲೆ, ರಬ್ಬರ್ ವಾಷರ್ ಹಾಕಿ. ತಗ್ಗಿನಲ್ಲಿ ಹಾಕಿದರೆ ನೀರು ಹರಿಯುವ ಜಾಗಕ್ಕೇ ತೂತು ಮಾಡಿದ ಹಾಗೆ. ರಬ್ಬರು ಅಪ್ಪಚ್ಚಿ ಆಗುವಷ್ಟು ಬಿಗಿಯಬೇಡಿ.

ಗೋಡೆಗೂ ತಗಡೇ ಹಾಕಿಸಿದೆ, ಮೇಲ್ಗಡೆ ಎರಡು ಕಡೆ ಗಾಳಿಗೆ ಜಾಲರಿ ಬಿಟ್ಟು. ಗೊಬ್ಬರ ಇಡುವ ಶೆಡ್ಡಿಗೆ ಗಾಳಿ ಆಡದಿದ್ದರೆ ಬೇಸಿಗೆಯಲ್ಲಿ ಬಾಗಿಲು ತೆಗೆಯಲೂ ಆಗದು. ಎಡ ಹಿಂದಿನ ಮೂಲೆ ಸ್ವಲ್ಪ ಚೂಪು. ಚೌಕದ ಪೆಟ್ಟಿಗೆ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಗುದ್ದಲಿ, ಹಾರೆ, ಕುಂಟೆ ಅಲ್ಲಿ ನಿಲ್ಲಿಸಿದ್ದೇನೆ. ಎರಡು ಗೋಡೆ ಹಿಡಿದುಕೊಳ್ಳುವುದರಿಂದ ಹಿಡಿಕೆಗಳು ಜಾರಿ ಬೀಳುವುದೂ ಇಲ್ಲ.

ಎಲ್ಲ ಮುಗಿದ ಮೇಲೆ ಮಟಮಟ ಮಧ್ಯಾಹ್ನ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಮೇಲೆ ನೋಡಿ. ತೂತು ಇದ್ದರೆ ನಕ್ಷತ್ರದ ಹಾಗೆ ಬೆಳಗುತ್ತದೆ. ನನಗೆ ಮೂರು ನಕ್ಷತ್ರ ಸಿಕ್ಕವು, ಮೂರೂ ತಪ್ಪು ಜಾಗಕ್ಕೆ ಹಾಕಿ ಕಿತ್ತ ಸ್ಕ್ರೂವಿನವು. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಅದೇ ಜಾಗಕ್ಕೆ ಒಂದು ನಂಬರ್ ದಪ್ಪದ ಸ್ಕ್ರೂ ವಾಷರ್ ಸಮೇತ ಹಾಕಿಸಿದೆ. ನಾಲ್ಕನೇದೊಂದು ಮಳೆ ಬಂದ ಮೇಲೆ ಸಿಕ್ಕಿತು, ಸರಿಯಾಗಿ ಗೊಬ್ಬರದ ಚೀಲದ ಮೇಲೆ.